ಅರವತ್ತು ದಾಟಿದ ‘ಮೆಕ್ಕೆಜೋಳದ ತೆನೆ’ಯಲ್ಲಿ ಮನೆ ಕೊಳ್ಳಬಹುದೇ?

ಪ್ರಶ್ನೆ: ನಾನು ಹರಿಹರದಲ್ಲಿ ಪ್ರೌಢಶಾಲೆಯ ಗಣಿತ ಮೇಷ್ಟರಾಗಿ ನಿವೃತ್ತನಾದವನು. ಮಗ ನಾಲ್ಕು ವರ್ಷದಿಂದ ಚಿಕಾಗೋದಲ್ಲಿದ್ದಾನೆ. ಅಲ್ಲಿನ ನದಿ ದಂಡೆಯ ‘ಮರೀನಾ ಸಿಟಿ’ ಎಂಬ ಅವಳಿ ಗೋಪುರಗಳಲ್ಲಿ, 43ನೇ ಮಹಡಿಯಲ್ಲಿ ಒಂದು ಮಲಗುವ ಕೋಣೆಯ ಮನೆ ಕೊಳ್ಳಬೇಕೆಂದಿದ್ದಾನೆ. ನಿವೇಶನ ಮಾರಿದ ಹಣದಲ್ಲಿ ಒಂದು ಪಾಲು ನಾನು ಕೊಡಬೇಕು. ಕಳೆದ ನವೆಂಬರಿನಲ್ಲಿ ಹೋಗಿ ನೋಡಿಕೊಂಡು ಬಂದೆವು. ಕಟ್ಟಡ ಥೇಟ್ ಮೆಕ್ಕೆಜೋಳದ ತೆನೆ. ನೋಟವೇನೋ ಅದ್ಭುತ. ಆದರೆ ಅದಕ್ಕೆ ಅರವತ್ತು ವರ್ಷ ದಾಟಿದೆಯಂತೆ. ಕೆಳಗಿನ 19 ಮಹಡಿಗಳಲ್ಲಿ ಬರೀ ಕಾರುಗಳು, ಅವುಗಳ ಮೇಲೆ ಸಂಸಾರಗಳು. ಬುಡದಲ್ಲೇ ನದಿ. ಬಾಲ್ಕನಿಗೆ ಕೆಳಗಿನಿಂದ ಯಾವ ಆಸರೆಯೂ ಕಾಣಲಿಲ್ಲ. ಗಾಳಿಯಲ್ಲಿ ಅಲ್ಲಿ ನಿಂತಾಗ ಕಟ್ಟಡವೇ ತೂಗಿದಂತಾಯಿತು. ಫ್ಲಾರಿಡಾದಲ್ಲಿ ಅಪಾರ್ಟ್‌ಮೆಂಟ್ ಕುಸಿದದ್ದನ್ನು ಟಿ.ವಿ.ಯಲ್ಲಿ ನೋಡಿದ ಮೇಲೆ ನನಗೆ ಧೈರ್ಯವಿಲ್ಲ. ಮೂಲೆಯೇ ಇಲ್ಲದ ಮನೆಯಲ್ಲಿ ಈಶಾನ್ಯ ಯಾವುದು ಎಂದು ನನ್ನ ಮನೆಯವರ ಪ್ರಶ್ನೆ. ಹಣ ಕೊಡಲೇ, ಬೇಡವೇ?

ಉತ್ತರ: ಮೇಷ್ಟರೇ, ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿವೆ, ಆತಂಕ ಮಾತ್ರ ಒಂದೇ. ಜೀವಮಾನದ ಉಳಿತಾಯ ಹಾಕಿದ ಮನೆ ಒಂದು ರಾತ್ರಿ ಕುಸಿದು ಬಿದ್ದರೆ ಏನು ಗತಿ ಎಂಬುದು. ನಾನು ವೃತ್ತಿಯ ಮೊದಲ ಆರು ವರ್ಷ ಚಿಕಾಗೋದಲ್ಲಿ ಹಳೆಯ ಕಾಂಕ್ರೀಟ್ ಕಟ್ಟಡಗಳನ್ನು ಸುತ್ತಿಗೆಯಿಂದ ಬಡಿದು ಪರೀಕ್ಷಿಸುವ ಕೆಲಸ ಮಾಡಿದವನು; ಆಮೇಲಿನ ಇಪ್ಪತ್ತೈದು ವರ್ಷ ಅದೇ ಕೆಲಸವನ್ನು ಮಂಗಳೂರಿನಲ್ಲಿ ಮಾಡುತ್ತಿದ್ದೇನೆ. ಆ ಅನುಭವದಿಂದ ಹೇಳುವುದಾದರೆ, ಇಂಥ ಕಟ್ಟಡ ನೀವು ಹೆದರಿದ ರೀತಿಯಲ್ಲಿ ಕೈಕೊಡುವುದು ತೀರಾ ಅಪರೂಪ. ನೀವು ಹೆದರದೇ ಇರುವ ಇನ್ನೊಂದು ರೀತಿಯಲ್ಲಿ, ಅಂದರೆ ಜೇಬಿಗೆ, ಕೈಹಾಕುವುದು ಸರ್ವೇಸಾಮಾನ್ಯ. ಹರಿಹರದಲ್ಲೋ ಮಂಗಳೂರಿನಲ್ಲೋ ಕುಳಿತು ಯಾರೂ ಆ ಗೋಪುರಕ್ಕೆ ಪ್ರಮಾಣಪತ್ರ ಬರೆದುಕೊಡಲಾಗದು. ಯಾವ ಕಾಗದ ಕೇಳಬೇಕು, ಯಾವ ಕಡೆ ಕತ್ತೆತ್ತಿ ನೋಡಬೇಕು ಎಂದು ಹೇಳಬಹುದು.

ಮೊದಲು ಆ ಕಟ್ಟಡದ ಜಾತಕ ಸ್ವಲ್ಪ ತಿಳಿದಿರಲಿ, ಏಕೆಂದರೆ ನಿಮಗೆ ವಿಚಿತ್ರವಾಗಿ ಕಂಡದ್ದಕ್ಕೆಲ್ಲ ಅದರಲ್ಲಿ ಕಾರಣವಿದೆ. ವಾಸ್ತುಶಿಲ್ಪಿ ಬರ್ಟ್ರಂಡ್ ಗೋಲ್ಡ್‌ಬರ್ಗ್. ಜರ್ಮನಿಯ ಬೌಹೌಸ್ ಶಾಲೆಯಲ್ಲಿ ಕಲಿತವನು, ಮೀಸ್ ವಾನ್ ಡೆರ್ ರೋಹೆಯ ಗರಡಿಯಲ್ಲಿ ಪಳಗಿದವನು. ಗುರುವಿನ ಗಾಜು-ಉಕ್ಕಿನ ಪೆಟ್ಟಿಗೆಗಳಿಗೆ ಬೆನ್ನು ತಿರುಗಿಸಿ ದುಂಡಗೆ ಕಟ್ಟಿದವನೂ ಅವನೇ. (ರಸ್ತೆಯಾಚೆ ಪಕ್ಕದಲ್ಲೇ ನಿಂತಿರುವ ಕಪ್ಪು ಪೆಟ್ಟಿಗೆ ಅದೇ ಗುರುವಿನ ವಿನ್ಯಾಸ, ಒಂದು ಕಾಲದ ಐಬಿಎಂ ಕಟ್ಟಡ. ಗುರುಶಿಷ್ಯರ ವಾದ ಇಂದಿಗೂ ಆ ರಸ್ತೆಯಲ್ಲಿ ನಡೆದೇ ಇದೆ.) ಹಣ ಹೂಡಿದ್ದು ಕಟ್ಟಡಗಳ ಜಾಡಮಾಲಿಗಳ, ಲಿಫ್ಟ್ ನಡೆಸುವವರ ಕಾರ್ಮಿಕ ಸಂಘ, ಮುಂದೆ ನಿಂತವನು ಅದರ ನಾಯಕ ವಿಲಿಯಂ ಮೆಕ್‌ಫೆಟ್ರಿಜ್. 1950ರ ದಶಕದಲ್ಲಿ ಮಧ್ಯಮವರ್ಗದ ಜನ ನಗರ ಬಿಟ್ಟು ಹೊರವಲಯಕ್ಕೆ ಗುಳೆ ಹೊರಟಿದ್ದರು. ನಗರದ ನಡುವೆ ಜನರೇ ಇಲ್ಲದಿದ್ದರೆ ಗುಡಿಸುವವರಿಗೆ, ಲಿಫ್ಟಿನವರಿಗೆ ಕೆಲಸವೆಲ್ಲಿ? ಹಾಗಾಗಿ ‘ನಗರದೊಳಗೊಂದು ನಗರ’ ಎಂಬ ಯೋಜನೆ ಹುಟ್ಟಿತು: ಕೆಳಗೆ ದೋಣಿ ಕಟ್ಟಿಹಾಕುವ ಕಟ್ಟೆ, ಅಂಗಡಿ, ರಂಗಮಂದಿರ, ಅದರ ಮೇಲೆ 19 ಮಹಡಿ ಕಾರು, 20ರಲ್ಲಿ ಬಟ್ಟೆ ಒಗೆಯುವ ಜಾಗ, 21ರಿಂದ 60ರವರೆಗೆ ಮನೆಗಳು. ಕೆಲಸ 1960ರಲ್ಲಿ ಆರಂಭವಾಯಿತು, 1960ರ ದಶಕದ ಮಧ್ಯದ ಹೊತ್ತಿಗೆ ಜನ ವಾಸಿಸುತ್ತಿದ್ದರು. ಸುಮಾರು 179 ಮೀಟರ್ ಎತ್ತರದ ಈ ಗೋಪುರಗಳು ಕಟ್ಟಿದಾಗ ಜಗತ್ತಿನ ಅತಿ ಎತ್ತರದ ಕಾಂಕ್ರೀಟ್ ಕಟ್ಟಡಗಳು. ಬಾಡಿಗೆಯ ಮನೆಗಳಾಗಿದ್ದವು 1977ರಲ್ಲಿ ಮಾಲೀಕತ್ವದ ಫ್ಲ್ಯಾಟುಗಳಾದವು. ಈ ಕೊನೆಯ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇನ್ನು ತೂಗಾಟ. ಗಾಳಿಗೆ ಎಲ್ಲ ಎತ್ತರದ ಕಟ್ಟಡಗಳೂ ಬಾಗುತ್ತವೆ, ಬಾಗಲೇಬೇಕು. ತುದಿಯ ಬಾಗುವಿಕೆ ಎತ್ತರದ ಐನೂರನೇ ಒಂದು ಭಾಗವನ್ನು ಮೀರಬಾರದು ಎಂಬುದು ನಮ್ಮ ವೃತ್ತಿಯಲ್ಲಿ ರೂಢಿಯಲ್ಲಿರುವ ಲೆಕ್ಕ. 179 ಮೀಟರಿಗೆ ಅದು ಸುಮಾರು 36 ಸೆಂಟಿಮೀಟರ್. ಅದೂ ಭಾರೀ ಬಿರುಗಾಳಿಯಲ್ಲಿ, ತುತ್ತತುದಿಯಲ್ಲಿ. ಗೋಪುರದ ನಟ್ಟನಡುವೆ ಸುಮಾರು ಹತ್ತು ಮೀಟರ್ ಅಗಲದ ದುಂಡು ಕಾಂಕ್ರೀಟ್ ಕೊಳವೆ ಬುಡದಿಂದ ತುದಿಯವರೆಗೆ ಹೋಗಿದೆ. ಲಿಫ್ಟು, ಮೆಟ್ಟಿಲು ಎಲ್ಲ ಅದರೊಳಗೆ. ತೆನೆಗೆ ದಿಂಡು ಇದ್ದಂತೆ ಅದು, ಕಾಳುಗಳೆಂದರೆ ಮನೆಗಳು. ದಾವಣಗೆರೆ ಸೀಮೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಅದೇ ಅಗಲದ ಚೌಕ ಕಟ್ಟಡಕ್ಕಿಂತ ದುಂಡು ಕಟ್ಟಡದ ಮೇಲೆ ಗಾಳಿಯ ನೂಕು ಕಡಿಮೆ, ಜೊತೆಗೆ ಕಾಂಕ್ರೀಟು ಉಕ್ಕಿಗಿಂತ ಭಾರ, ಅಲುಗಾಟವನ್ನು ಬೇಗ ನುಂಗಿಕೊಳ್ಳುತ್ತದೆ. ‘ದುಂಡಗಿದ್ದರೆ ಉರುಳುತ್ತದೆ’ ಎಂಬ ಭಾವನೆ ಕಣ್ಣಿನದು, ಲೆಕ್ಕದ್ದಲ್ಲ. ನಿಮಗಾದ ಅನುಭವವೂ ಬಹುಪಾಲು ಕಣ್ಣಿನದೇ: ಕಂಬಿಯಾಚೆ ಹಿಡಿದು ನಿಲ್ಲಲು ದೃಷ್ಟಿಗೆ ಏನೂ ಸಿಗದಿದ್ದಾಗ, ಮೇಲೆ ಮೋಡ ಓಡುತ್ತಿದ್ದಾಗ, ತಲೆ ತಿರುಗುತ್ತದೆ. ನನಗೂ ತಿರುಗುತ್ತಿತ್ತು. ಹಗ್ಗಕ್ಕೆ ನೇತುಬಿದ್ದು ಗೋಡೆ ಬಡಿಯುವ ಕೆಲಸದಲ್ಲಿ ಮೊದಲ ತಿಂಗಳು ನಾನು ಮಧ್ಯಾಹ್ನದ ಊಟವನ್ನೇ ಬಿಟ್ಟಿದ್ದೆ.

ವಯಸ್ಸಿನ ವಿಚಾರದಲ್ಲಿ ನಮ್ಮ ಜನರಲ್ಲಿ ಒಂದು ತಪ್ಪು ಗ್ರಹಿಕೆ ಗಟ್ಟಿಯಾಗಿ ಕೂತಿದೆ. ಕಾಂಕ್ರೀಟಿಗೆ ಐವತ್ತು ವರ್ಷ ಆಯಸ್ಸು, ಆಮೇಲೆ ಅದು ಮಣ್ಣು, ಎಂದು. ಐವತ್ತು ವರ್ಷ ಎಂಬುದು ವಿನ್ಯಾಸ ಮಾಡುವಾಗ ಹಿಡಿದುಕೊಳ್ಳುವ ಅಂದಾಜು. ಔಷಧದ ಶೀಶೆಯ ಮೇಲಿನ ಕೊನೆಯ ದಿನಾಂಕವಲ್ಲ. ರೋಮಿನ ಪ್ಯಾಂಥಿಯನ್ ಗುಮ್ಮಟ ಕಾಂಕ್ರೀಟಿನದು, ಸುಮಾರು 1900 ವರ್ಷದಿಂದ ನಿಂತಿದೆ. ಅದರಲ್ಲಿ ಕಬ್ಬಿಣದ ಕಂಬಿಗಳಿಲ್ಲ ಎಂಬುದೇ ಅದರ ದೀರ್ಘಾಯುಷ್ಯದ ದೊಡ್ಡ ಗುಟ್ಟು. ನಮ್ಮ ಕಾಲದ ಕಾಂಕ್ರೀಟ್ ಸಾಯುವುದು ಹೊಟ್ಟೆಯೊಳಗಿನ ಕಬ್ಬಿಣದಿಂದ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊಸ ಕಾಂಕ್ರೀಟು ಕ್ಷಾರ ಗುಣದ್ದು. ಆ ಕ್ಷಾರದ ನಡುವೆ ಕಂಬಿಯ ಮೈಮೇಲೆ ಕಣ್ಣಿಗೆ ಕಾಣದ ಒಂದು ಪೊರೆ ಕಟ್ಟಿಕೊಂಡು ತುಕ್ಕನ್ನು ತಡೆಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ಒಳಗಿಳಿದು ಕ್ಷಾರವನ್ನು ಕುಗ್ಗಿಸುತ್ತದೆ; ಇದು ನಿಧಾನದ ಕಳ್ಳ. ಉಪ್ಪು ಹಾಗಲ್ಲ, ಹಾಡಹಗಲಿನ ದರೋಡೆಕೋರ. ಅದರ ಕ್ಲೋರೈಡ್ ನೀರಿನೊಂದಿಗೆ ಕಂಬಿಗೆ ತಲುಪಿತೆಂದರೆ ಪೊರೆ ಅಲ್ಲಲ್ಲಿ ತೂತಾಗಿ ತುಕ್ಕು ಶುರು. ತುಕ್ಕಿಗೆ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಕು. ಜಾಗವಿಲ್ಲದೆ ಅದು ಒಳಗಿನಿಂದ ನೂಕುತ್ತದೆ, ಕಾಂಕ್ರೀಟು ಸಿಪ್ಪೆಯಂತೆ ಏಳುತ್ತದೆ. ಮಂಗಳೂರಿನಲ್ಲಿ ಈ ಉಪ್ಪು ಕಡಲ ಗಾಳಿಯಲ್ಲಿ ಬರುತ್ತದೆ. ಚಿಕಾಗೋಗೆ ಸಮುದ್ರವಿಲ್ಲ, ಪಕ್ಕದ ಮಿಷಿಗನ್ ಸರೋವರ ಸಿಹಿನೀರಿನದು. ಅಲ್ಲಿನವರು ಉಪ್ಪನ್ನು ಲಾರಿಗಳಲ್ಲಿ ತಂದು ತಾವೇ ಸುರಿಯುತ್ತಾರೆ, ಚಳಿಗಾಲದಲ್ಲಿ ರಸ್ತೆಯ ಹಿಮ ಕರಗಲಿ ಎಂದು.

ಆ ಉಪ್ಪು ಎಲ್ಲಿಗೆ ಹೋಗುತ್ತದೆ? ಕಾರಿನ ಹೊಟ್ಟೆಗೆ, ಚಕ್ರಕ್ಕೆ ಮೆತ್ತಿಕೊಂಡು ನೀವು ಹೇಳಿದ ಆ 19 ಮಹಡಿಗಳಿಗೆ. ಅಲ್ಲಿ ಹಿಮ ಕರಗಿ ಉಪ್ಪುನೀರು ಸ್ಲ್ಯಾಬಿನ ಮೇಲೆ ನಿಲ್ಲುತ್ತದೆ. ‘ಕಾರುಗಳ ಭಾರ’ ಎಂದು ನೀವು ಹೆದರಿದಿರಿ. ಕಾರಿನ ಭಾರ ವಿನ್ಯಾಸಕಾರನಿಗೆ ಸಣ್ಣ ವಿಷಯ, ಕಾರು ಹೊತ್ತು ತರುವ ಉಪ್ಪು ದೊಡ್ಡದು. 1960ರ ಸುಮಾರಿಗೆ ಪಾರ್ಕಿಂಗ್ ಸ್ಲ್ಯಾಬುಗಳಿಗೆ ನೀರು ತಡೆಯುವ ಲೇಪ ಹಚ್ಚುವ ಅಭ್ಯಾಸ ಇನ್ನೂ ಬೇರೂರಿರಲಿಲ್ಲ. ತುಕ್ಕು ತಡೆಯಲು ಎಪಾಕ್ಸಿ ಎಂಬ ರಾಳ ಲೇಪಿಸಿದ ಕಂಬಿಗಳು ಬಳಕೆಗೆ ಬಂದದ್ದು 1970ರ ದಶಕದಲ್ಲಿ. ಆದ್ದರಿಂದ ಅಮೆರಿಕದ ಚಳಿ ಪ್ರದೇಶದಲ್ಲಿ ಆ ಕಾಲದ ಯಾವುದೇ ಪಾರ್ಕಿಂಗ್ ಕಟ್ಟಡವಿರಲಿ, ದುರಸ್ತಿಯಾಗಿದೆಯೇ ಎಂದು ಕೇಳುವುದೇ ಬೇಡ; ಯಾವಾಗ, ಎಷ್ಟು ಎಂದು ಕೇಳಬೇಕು. ಬೆಂಕಿಯ ಮಟ್ಟಿಗೆ, ಅವು ಗೋಡೆಯಿಲ್ಲದ ತೆರೆದ ಮಹಡಿಗಳಾದ್ದರಿಂದ ಹೊಗೆ ಹೊರಗೆ ಹೋಗುತ್ತದೆ. ನೆಲಮಾಳಿಗೆಯ ಪಾರ್ಕಿಂಗಿಗಿಂತ ವಾಸಿ. ತೆರೆದಿದ್ದರಿಂದಲೇ ಹಿಂದೊಮ್ಮೆ ಹಾಲಿವುಡ್ಡಿನವರು ಚಿತ್ರೀಕರಣಕ್ಕಾಗಿ ಅಲ್ಲಿಂದ ಕಾರೊಂದನ್ನು ನದಿಗೆ ಹಾರಿಸಿದ್ದರು.

ನನ್ನ ಕಣ್ಣಿರುವುದು ಬಾಲ್ಕನಿಯ ಮೇಲೆ. ನೀವು ಕಂಡದ್ದು ಸರಿ, ಅದಕ್ಕೆ ಕೆಳಗಿನಿಂದ ಆಸರೆಯಿಲ್ಲ. ಒಳಗಿನ ಸ್ಲ್ಯಾಬೇ ಕಂಬಗಳನ್ನು ದಾಟಿ ಹೊರಕ್ಕೆ ಚಾಚಿದೆ. ಒಂದು ತುದಿ ಮಾತ್ರ ಹಿಡಿದ ಹಲಗೆಯಂತೆ. ಹೀಗೆ ಚಾಚಿದ ಸ್ಲ್ಯಾಬಿನಲ್ಲಿ ಎಳೆತ ಬೀಳುವುದು ಮೇಲ್ಮೈಗೆ, ಹಾಗಾಗಿ ಮುಖ್ಯ ಕಂಬಿಗಳು ಮೇಲ್ಭಾಗದಲ್ಲಿರುತ್ತವೆ. ನೀರು ನಿಲ್ಲುವುದೂ ಮೇಲೆಯೇ. ಅಂದರೆ ಎಲ್ಲಿ ಕಬ್ಬಿಣ ಅತ್ಯಗತ್ಯವೋ ಅಲ್ಲೇ ತೇವ. ಇದಕ್ಕೆ ಚಿಕಾಗೋದ ಚಳಿಯನ್ನು ಸೇರಿಸಿ. ನೀರು ಹೆಪ್ಪುಗಟ್ಟುವಾಗ ಸುಮಾರು ಒಂಬತ್ತು ಪ್ರತಿಶತ ಹಿಗ್ಗುತ್ತದೆ. ಬಿರುಕಿಗಿಳಿದ ನೀರು ರಾತ್ರಿ ಹೆಪ್ಪುಗಟ್ಟಿ ಹಗಲು ಕರಗಿ, ಒಂದೊಂದು ಚಳಿಗಾಲದಲ್ಲೂ ಅದೆಷ್ಟೋ ಸಲ ಬಿರುಕನ್ನು ಅಗಲಿಸುತ್ತದೆ. ಹಾಗೆಂದು ಬಾಲ್ಕನಿ ಕಳಚಿ ಬೀಳುತ್ತದೆ ಎಂದಲ್ಲ. ಅದಕ್ಕಿಂತ ಬಹಳ ಮೊದಲೇ ಅಂಚಿನಲ್ಲಿ ಕಂದು ಕಲೆ, ತಳದಲ್ಲಿ ಬಿಳಿ ಉಪ್ಪಿನ ಗೆರೆ, ರೇಲಿಂಗ್ ಕಂಬಿಯ ಬುಡದಲ್ಲಿ ಸೀಳು ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ಕೈಹಾಕಿದರೆ ಕೆಟ್ಟ ಭಾಗ ಕಿತ್ತು, ಕಂಬಿ ಶುಚಿಮಾಡಿ, ಹೊಸ ಗಾರೆ ತುಂಬಿ ಸರಿಪಡಿಸಬಹುದು. 24 ಮೀಟರಿಗಿಂತ ಎತ್ತರದ ಕಟ್ಟಡಗಳ ಹೊರಮೈಯನ್ನು ನಿಯತವಾಗಿ ತಪಾಸಣೆ ಮಾಡಿಸಿ ವರದಿ ಸಲ್ಲಿಸಬೇಕೆಂದು ಚಿಕಾಗೋ ನಗರದ ಕಾನೂನೇ ಇದೆ. ನಮ್ಮ ಕರಾವಳಿಗೆ ಅಂಥದ್ದೊಂದು ಕಾನೂನು ಬಂದರೆ ನನ್ನ ಅರ್ಧ ಕೆಲಸ ಹಗುರವಾದೀತು. ಇಲ್ಲಿ ನನ್ನನ್ನು ಕರೆಯುವುದು ಬಾಲ್ಕನಿಯ ತುಂಡು ಯಾರದೋ ಕಾರಿನ ಮೇಲೆ ಬಿದ್ದ ನಂತರ. ಹೋಗಿ ನೋಡಿದರೆ ಮೇಲಿನಿಂದ ಮೂರು ಇಂಚು ಗಾರೆ, ಗ್ರಾನೈಟು, ತುಳಸಿ ಕುಂಡಗಳ ಸಾಲು; ನೀರು ಹೋಗುವ ತೂತಿಗೆ ಬಟ್ಟೆ ತುರುಕಿರುತ್ತಾರೆ, ಜಿರಲೆ ಬರಬಾರದೆಂದು.

ಫ್ಲಾರಿಡಾದ ವಿಷಯ. ಮಯಾಮಿ ಬಳಿಯ ಸರ್ಫ್‌ಸೈಡ್‌ನಲ್ಲಿ 2021ರ ಜೂನ್ 24ರ ನಸುಕಿನಲ್ಲಿ ಕುಸಿದದ್ದು 1981ರಲ್ಲಿ ಕಟ್ಟಿದ 12 ಮಹಡಿಯ ಕಟ್ಟಡ. 98 ಜನ ಸತ್ತರು. ಅದು ಮರೀನಾ ಸಿಟಿಗಿಂತ ಹೊಸದು, ಐದರಲ್ಲೊಂದು ಪಾಲು ಮಹಡಿಗಳದ್ದು. ಎತ್ತರವನ್ನೂ ವಯಸ್ಸನ್ನೂ ದೂರುವವರು ಇದನ್ನು ಗಮನಿಸಬೇಕು. ಈಜುಕೊಳದ ಅಂಗಳದ ಸ್ಲ್ಯಾಬು ಮೂಲ ವಿನ್ಯಾಸದಲ್ಲೇ ಹಲವೆಡೆ ದುರ್ಬಲವಾಗಿತ್ತು ಎಂದು ತನಿಖೆಯ ಆರಂಭದ ಶೋಧನೆಗಳು ಹೇಳಿವೆ. ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು: 2018ರಲ್ಲೇ ಎಂಜಿನಿಯರೊಬ್ಬರ ವರದಿ ಕಾಂಕ್ರೀಟ್ ಹಾನಿಯನ್ನು ಎತ್ತಿ ತೋರಿಸಿತ್ತು. ದುರಸ್ತಿಯ ಖರ್ಚನ್ನು ಯಾರು, ಎಷ್ಟು ಹೊರಬೇಕೆಂಬ ಮಾಲೀಕರ ಜಗ್ಗಾಟದಲ್ಲಿ ಮೂರು ವರ್ಷ ಹೋಯಿತು.

ಇಲ್ಲೇ ನಾನು ನೆನಪಿಡಿ ಎಂದ 1977 ಬರುತ್ತದೆ. ಬಾಡಿಗೆ ಕಟ್ಟಡಕ್ಕೆ ಒಬ್ಬ ಯಜಮಾನ. ಮಾಲೀಕತ್ವದ ಕಟ್ಟಡಕ್ಕೆ ನೂರಾರು ಯಜಮಾನರು. ಮರೀನಾ ಸಿಟಿಯ ಎರಡು ಗೋಪುರಗಳಲ್ಲಿ ಸುಮಾರು 900 ಮನೆಗಳು. ನಿಮ್ಮ ಮಗ ಕೊಳ್ಳುವುದು ಹೂವಿನ ಎಸಳಿನಾಕಾರದ ನಾಲ್ಕು ಗೋಡೆ ಮಾತ್ರವಲ್ಲ, ದಿಂಡಿನಲ್ಲಿ, ಬಾಲ್ಕನಿಗಳಲ್ಲಿ, ಲಿಫ್ಟುಗಳಲ್ಲಿ, ಕೊಳವೆಗಳಲ್ಲಿ ಒಂದು ಪಾಲನ್ನು ಕೂಡ. ನೀವು ಗಣಿತದವರು, ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಹೊರಮೈ ದುರಸ್ತಿಗೆ 90 ಲಕ್ಷ ಡಾಲರ್ ಬೇಕಾಯಿತು, ಮನೆ ಮಾಲೀಕರ ಸಂಘದ ಮೀಸಲು ನಿಧಿಯಲ್ಲಿ ಏನೂ ಇಲ್ಲ ಎಂದಿಟ್ಟುಕೊಳ್ಳಿ. ಮನೆಯೊಂದಕ್ಕೆ ಸರಾಸರಿ 10,000 ಡಾಲರ್, ಎಂಟು ಲಕ್ಷ ರೂಪಾಯಿಗೂ ಮಿಗಿಲು. ತಿಂಗಳ ಶುಲ್ಕದ ಮೇಲೆ ಬರುವ ಈ ವಿಶೇಷ ವಂತಿಗೆಯನ್ನು ಬೇಡ ಎನ್ನುವಂತಿಲ್ಲ.

ಹಾಗಾಗಿ ಕಾಗದ ಕೇಳಬೇಕು. ಚಿಕಾಗೋ ಇರುವ ಇಲಿನಾಯ್ ರಾಜ್ಯದ ಕಾಂಡೊಮಿನಿಯಂ (ಮಾಲೀಕತ್ವದ ಫ್ಲ್ಯಾಟುಗಳ) ಕಾಯಿದೆಯ 22.1ನೇ ಕಲಮಿನ ಪ್ರಕಾರ ಮಾರುವವರು ಕೊಳ್ಳುವವರಿಗೆ ಕೆಲವು ವಿವರ ಕೊಡಲೇಬೇಕು: ಮೀಸಲು ನಿಧಿ ಎಷ್ಟಿದೆ, ಈ ವರ್ಷ ಮತ್ತು ಮುಂದಿನ ಎರಡು ವರ್ಷಗಳಲ್ಲಿ ಸಂಘ ಯಾವ ದೊಡ್ಡ ಖರ್ಚು ನಿರೀಕ್ಷಿಸಿದೆ, ಸಂಘದ ಮೇಲೆ ಮೊಕದ್ದಮೆ ಇದೆಯೇ, ವಿಮೆ ಏನು, ಆ ಮನೆಯ ಬಾಕಿ ಎಷ್ಟು. ಅಲ್ಲಿನವರು ಇದನ್ನು ‘22.1’ ಎಂದೇ ಕರೆಯುತ್ತಾರೆ. ಮಗನಿಗೆ ಆ ಸಂಖ್ಯೆ ಹೇಳಿ ಸಾಕು. ಆದರೆ ಎರಡು ವರ್ಷದ ಮುನ್ನೋಟ ಕಾಂಕ್ರೀಟಿನ ಕಾಲಮಾನಕ್ಕೆ ಏನೇನೂ ಅಲ್ಲ. ಆದ್ದರಿಂದ ಕಳೆದ ಮೂರು ವರ್ಷದ ಆಡಳಿತ ಮಂಡಳಿ ಸಭೆಗಳ ನಡಾವಳಿ, ಹೊರಮೈ ತಪಾಸಣೆಯ ಇತ್ತೀಚಿನ ವರದಿ, ಬಾಲ್ಕನಿ ದುರಸ್ತಿಯ ಇತಿಹಾಸ ಇವನ್ನೂ ಕೇಳಲಿ. ಪಾರ್ಕಿಂಗ್ ಮಹಡಿಗಳು ಯಾರ ಸ್ವತ್ತು, ಅವುಗಳ ದುರಸ್ತಿ ಯಾರ ತಲೆಯ ಮೇಲೆ ಎಂಬುದನ್ನು ವಕೀಲರ ಮೂಲಕ ಬರವಣಿಗೆಯಲ್ಲೇ ಪಡೆಯಲಿ, ಅದು ಫ್ಲ್ಯಾಟಿನೊಂದಿಗೆ ಬರುತ್ತದೆಂದು ಊಹಿಸಿಕೊಳ್ಳುವುದು ಬೇಡ. ನಡಾವಳಿ ಓದುವಾಗ ಒಂದು ಕಿವಿಮಾತು: ದುರಸ್ತಿಯ ಬಗ್ಗೆ ಜಗಳವಾಡುವ ಸಂಘಕ್ಕೆ ಹೆದರಬೇಡಿ, ದುರಸ್ತಿಯ ಮಾತೇ ಬಾರದ ನಡಾವಳಿಗೆ ಹೆದರಿ. ಸಾಲ ಕೊಡುವವರೂ ಸರ್ಫ್‌ಸೈಡ್ ನಂತರ ಬಿಗಿಯಾಗಿದ್ದಾರೆ. ಗಂಭೀರ ದುರಸ್ತಿ ಬಾಕಿಯಿರುವ ಕಟ್ಟಡದ ಫ್ಲ್ಯಾಟುಗಳಿಗೆ ಗೃಹಸಾಲ ಸಿಗುವುದು ಕಷ್ಟ. ಬ್ಯಾಂಕು ಹಿಂದೇಟು ಹಾಕಿದರೆ ‘ಅಪ್ಪ ನಗದು ಕೊಡುತ್ತಾರೆ’ ಎಂದು ದಾಟಿಕೊಳ್ಳಬಾರದು.

ನದಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ತುಂಗಭದ್ರೆಯ ಮಳೆಗಾಲ ನೋಡಿದವರಿಗೆ ನದಿ ಎಂದರೆ ಕೊರೆತ ನೆನಪಾಗುವುದು ಸಹಜ. ಚಿಕಾಗೋ ನದಿ ಹೆಸರಿಗೆ ನದಿ, ಬಾಳುವೆಯಲ್ಲಿ ಕಾಲುವೆ. 1900ರಲ್ಲಿ ಎಂಜಿನಿಯರುಗಳು ಅದನ್ನು ಹಿಮ್ಮುಖವಾಗಿ ಹರಿಯುವಂತೆ ಮಾಡಿದರು. ನೀರಿನ ಮಟ್ಟ ತೂಬುಗಳ ಹಿಡಿತದಲ್ಲಿದೆ. ಗೋಪುರಗಳು ನಿಂತಿರುವುದು ಮೆತ್ತನೆಯ ಜೇಡಿಮಣ್ಣನ್ನು ದಾಟಿ ಆಳದ ಗಟ್ಟಿ ಪದರಕ್ಕೆ ಇಳಿಸಿದ ಕಾಂಕ್ರೀಟ್ ಕಂಬಗಳ ಮೇಲೆ. 1992ರ ಏಪ್ರಿಲ್ 13ರಂದು ಆ ನದಿ ನಗರಕ್ಕೆ ನುಗ್ಗಿದ್ದು ನಿಜ. ಹತ್ತಿರದ ಸೇತುವೆಯೊಂದರ ಬಳಿ ಹೂತ ಮರದ ಕಂಬಗಳಿಂದ ನದಿಯಡಿಯ ಹಳೆ ಸರಕು ಸುರಂಗಕ್ಕೆ ತೂತಾಗಿ, ನಗರದ ಮಧ್ಯದ ನೆಲಮಾಳಿಗೆಗಳೆಲ್ಲ ತುಂಬಿದವು. ವಿದ್ಯುತ್ತು ಹೋಯಿತು, ವ್ಯಾಪಾರ ನಿಂತಿತು. ಕಟ್ಟಡಗಳು ನಿಂತೇ ಇದ್ದವು.

ಈಗ ದಾರಿಗಳು. ಕಾಗದಗಳೆಲ್ಲ ಸಮಾಧಾನ ತಂದರೆ ಕೊಳ್ಳಬಹುದು. ಬೆಲೆಯ ಜೊತೆಗೆ ವಿಶೇಷ ವಂತಿಗೆಗೆಂದು ಒಂದಿಷ್ಟು ಹಣ ಬೇರೆಯೇ ತೆಗೆದಿಟ್ಟು. ಆ ತೆಗೆದಿಡುವಿಕೆ ಸಾಧ್ಯವಿಲ್ಲದಷ್ಟು ಕೈಬಿಗಿಯಿದ್ದರೆ ಕೊಳ್ಳಬೇಡಿ ಎಂದೇ ನನ್ನ ಮಾತು. ಎರಡನೆಯದು, ಅದೇ ಗೋಪುರದಲ್ಲಿ ಒಂದು ಚಳಿಗಾಲ ಬಾಡಿಗೆಗಿದ್ದು ನೋಡುವುದು. ಬೆಲೆ ಏರಿದರೆ ನಷ್ಟವೆನಿಸಬಹುದು, ಆದರೂ ನನಗೆ ಹೆಚ್ಚು ಹಿಡಿಸುವ ದಾರಿ ಇದು. ಅಲ್ಲಿ ಅಡುಗೆ, ಶಾಖ ಎಲ್ಲವೂ ವಿದ್ಯುತ್ತಿನದು, ಬಿಲ್ಲು ಮನೆಯವರದೇ. ಒಳಗಿನ ಸ್ಲ್ಯಾಬು ಹಾಗೆಯೇ ಬಾಲ್ಕನಿಯಾಗಿ ಹೊರಗೆ ಹೋಗುವುದರಿಂದ ಅದು ಶಾಖವನ್ನು ಹೊರಕ್ಕೆ ಸಾಗಿಸುತ್ತದೆ, ಕಿಟಕಿಯ ಬಳಿ ನೆಲ ಕೊರೆಯುತ್ತದೆ. ಜನವರಿಯ ಬಿಲ್ಲು ನೋಡದೆ ಆ ಮನೆಯ ಬೆಲೆ ತಿಳಿಯುವುದಿಲ್ಲ. ಮೂರನೆಯದು, ಹೊಸ ಕಟ್ಟಡ. ಹೊಸತೆಂಬುದೇ ಭರವಸೆಯಲ್ಲ: ಸ್ಯಾನ್ ಫ್ರಾನ್ಸಿಸ್ಕೋದ ಮಿಲೇನಿಯಂ ಟವರ್ 2009ರಲ್ಲಿ ತೆರೆದ 58 ಮಹಡಿಯ ಐಷಾರಾಮಿ ಕಟ್ಟಡ, 2016ರ ಹೊತ್ತಿಗೆ ಸುಮಾರು 40 ಸೆಂಟಿಮೀಟರ್ ಕುಸಿದು ವಾಲಿತ್ತು. ಅರವತ್ತು ವರ್ಷದ ಕಟ್ಟಡದ ದೋಷಗಳು ಬಹುಪಾಲು ಹೊರಬಿದ್ದಿರುತ್ತವೆ, ಹೊಸದರ ದೋಷಗಳು ಇನ್ನೂ ಒಳಗಿರುತ್ತವೆ.

2016ರಲ್ಲಿ ಚಿಕಾಗೋ ನಗರ ಈ ಗೋಪುರಗಳನ್ನು ಅಧಿಕೃತ ಹೆಗ್ಗುರುತು ಎಂದು ಘೋಷಿಸಿದೆ. ಹೊರನೋಟ ಬದಲಿಸಲು ಅನುಮತಿ ಬೇಕು. ಬಾಲ್ಕನಿಗೆ ಗ್ರಿಲ್ ಹಾಕಿಸಿ ಒಂದು ಕೋಣೆ ಹೆಚ್ಚಿಸಿಕೊಳ್ಳುವ ನಮ್ಮೂರಿನ ವಿದ್ಯೆ ಅಲ್ಲಿ ನಡೆಯುವುದಿಲ್ಲ ಎಂದು ಮೊದಲೇ ತಿಳಿದಿರಲಿ.

ನಿಮ್ಮ ಮನೆಯವರಿಗೆ ಹೇಳಿ: ಈಶಾನ್ಯ ದಿಕ್ಕು ಮೂಲೆಯಿಲ್ಲದಿದ್ದರೂ ಇರುತ್ತದೆ, ದಿಕ್ಸೂಚಿ ಸಾಕು. ಒಂದು ಮಲಗುವ ಕೋಣೆಯ ಮನೆ ಅಲ್ಲಿ ಒಂದೂವರೆ ಎಸಳಿನಷ್ಟು. ದಿಂಡಿನ ಬಳಿ ಕಿರಿದಾಗಿ ಆರಂಭವಾಗಿ ಬಾಲ್ಕನಿಯ ಕಡೆಗೆ ಅಗಲವಾಗುತ್ತದೆ. ದೇವರ ಮಂಟಪಕ್ಕಿಂತ ದೊಡ್ಡ ತಲೆನೋವು ಬೀರುವಿನದು, ಅದರ ಬೆನ್ನು ಯಾವ ಗೋಡೆಗೂ ಸರಿಯಾಗಿ ಕೂರುವುದಿಲ್ಲ.

ಹಣ ಕಳಿಸುವ ಮೊದಲು ಇನ್ನೊಮ್ಮೆ, ಫೆಬ್ರವರಿ ಕೊನೆಯಲ್ಲಿ, ಮಗ ಆ ಮನೆಗೆ ಹೋಗಲಿ. ನವೆಂಬರಿನಲ್ಲಿ ನೋಡಿದ್ದು ಸಾಲದು. ಚಳಿಗಾಲ ಮಾಡಬೇಕಾದ್ದನ್ನು ಅಷ್ಟರಲ್ಲಿ ಮಾಡಿ ಮುಗಿಸಿರುತ್ತದೆ. ಬಾಲ್ಕನಿಯಲ್ಲಿ ನಿಂತು ಕೆಳಗಿನ ನದಿಯನ್ನಲ್ಲ, ಕತ್ತೆತ್ತಿ 44ನೇ ಮಹಡಿಯ ಬಾಲ್ಕನಿಯ ತಳವನ್ನು ನೋಡಲಿ. ರೇಲಿಂಗ್ ಕಂಬಿ ನೆಟ್ಟ ಜಾಗ, ಅಂಚು, ನೀರು ತೊಟ್ಟಿಕ್ಕುವ ಗೆರೆ ಇವುಗಳ ಫೋಟೊ ತೆಗೆಯಲಿ. 22.1 ಕಾಗದಗಳ ಜೊತೆ ಆ ಫೋಟೊಗಳನ್ನೂ ಕಳಿಸಿಕೊಡಿ.